ಕುದುರೆಮುಖ ಶಿಖರ ಚಾರಣದ ಪೂರ್ವಸಿದ್ಧತೆ

ಕುದುರೆಮುಖ ಶಿಖರ ಚಾರಣವೆಂದರೆ ಚಿಕ್ಕಮಗಳೂರು ಜಿಲ್ಲೆಯ ಕಳಸ ತಾಲ್ಲೂಕಿನ ಮುಳ್ಳೋಡಿಯಿಂದ ಹೊರಟು, 1,894 ಮೀಟರ್ (6,214 ಅಡಿ) ಎತ್ತರದ ತುದಿಯನ್ನು ಮುಟ್ಟಿ, ಅದೇ ದಾರಿಯಲ್ಲಿ ಅದೇ ದಿನ ಮರಳುವ ಕಾಲ್ನಡಿಗೆ. ಹೋಗಿಬರುವ ದೂರ ಸುಮಾರು 20 ಕಿಲೋಮೀಟರ್. ಇಡೀ ದಾರಿ ರಾಷ್ಟ್ರೀಯ ಉದ್ಯಾನದೊಳಗೆ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿ ಮತ್ತು ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹೋಗುವಂತಿಲ್ಲ. ರಾತ್ರಿ ಉಳಿಯಲು ಅವಕಾಶವಿಲ್ಲ. ಹಗ್ಗ, ಕೊಕ್ಕೆಗಳ ಅಗತ್ಯವಿಲ್ಲದ, ಆರೋಗ್ಯವಂತರಾದ ಯಾರಾದರೂ ಅಭ್ಯಾಸ ಮಾಡಿಕೊಂಡು ನಡೆಯಬಹುದಾದ ದಾರಿ ಇದು. ಆದರೂ ದಾರಿಯಲ್ಲಿ ಸೋತು ಕೂರುವವರು, ಉಳುಕಿದ ಕಾಲಿನಲ್ಲಿ ಕುಂಟುತ್ತ ಇಳಿಯುವವರು ಕಡಿಮೆಯೇನಿಲ್ಲ. ಅವರನ್ನು ಸೋಲಿಸುವುದು ಬಹುಮಟ್ಟಿಗೆ ಶಿಖರದ ಎತ್ತರವಲ್ಲ. ಒಂದೇ ಹಗಲಿನಲ್ಲಿ ಮುಗಿಸಬೇಕಾದ ಏರು, ಕಾಲಡಿಯ ಒದ್ದೆ ನೆಲ, ಕೈತಪ್ಪುವ ಹೊತ್ತು ಈ ಮೂರೇ. ಪೂರ್ವಸಿದ್ಧತೆಯೆಂಬುದೂ ಈ ಮೂರನ್ನು ಎದುರಿಸುವ ಏರ್ಪಾಡೇ ಆಗಿದೆ.

ಶಿಖರ ಮತ್ತು ದಾರಿ

ಕುದುರೆಮುಖ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಘೋಷಣೆಯಾಯಿತು. ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿರುವ ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅವುಗಳಲ್ಲಿ ಸೇರಿತು. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಇದೇ ಬೆಟ್ಟಸಾಲಿನ ಗಂಗಾಮೂಲದ ಆಸುಪಾಸಿನಲ್ಲಿ ಹುಟ್ಟುತ್ತವೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಆ ಗಣಿ ಪ್ರದೇಶ ಚಾರಣದ ದಾರಿಯಲ್ಲಿಲ್ಲ.

ಕಳಸ ಅಥವಾ ಸಂಸೆಯಲ್ಲಿ ರಾತ್ರಿ ಕಳೆದವರು ಬೆಳಗ್ಗೆ ಜೀಪಿನಲ್ಲಿ ಮುಳ್ಳೋಡಿ ಸೇರುತ್ತಾರೆ. ಕಲ್ಲು ಎದ್ದ ಕಡಿದಾದ ಮಣ್ಣುದಾರಿಯಲ್ಲಿ ಸಾಧಾರಣ ಕಾರು ಹತ್ತುವುದಿಲ್ಲ. ಮುಳ್ಳೋಡಿಯ ಕೆಲವು ಮನೆಗಳನ್ನು ದಾಟಿದ ಮೇಲೆ ದಾರಿ ಹಳ್ಳಗಳನ್ನು ಹಾಯುತ್ತ, ಒಂಟಿಮರವೆಂದು ಚಾರಣಿಗರು ಗುರುತಿಟ್ಟುಕೊಂಡ ಜಾಗವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಬಹುಪಾಲು ನೆರಳಿಲ್ಲದ ಹುಲ್ಲುಗಾವಲು. ಒಂದು ಬೋರೆ ಹತ್ತಿದರೆ ಮತ್ತೊಂದು ಕಾಣುತ್ತದೆ. ಎರಡು ಬೋರೆಗಳ ನಡುವಿನ ಮಡಿಕೆಯಲ್ಲಿ ಶೋಲಾ ಕಾಡು, ಅದರೊಳಗೆ ಸಣ್ಣ ಹಳ್ಳ. ಕೊನೆಯ ಭಾಗ ಎಲ್ಲಕ್ಕಿಂತ ಕಡಿದು. ತುದಿಯ ಸಮೀಪ ಹಳೆಯ ಇಗರ್ಜಿಯೊಂದರ ಪಾಳುಗೋಡೆಗಳಿವೆ. ಶಿಖರದ ಪಶ್ಚಿಮಕ್ಕೆ ನೆಲ ಬೆಳ್ತಂಗಡಿ ಸೀಮೆಯತ್ತ ನೇರ ಕುಸಿಯುತ್ತದೆ. ಈ ಮಗ್ಗುಲಿನಿಂದ ಕುದುರೆಯ ಮುಖದಂತೆ ಕಾಣುವುದರಿಂದಲೇ ಬೆಟ್ಟಕ್ಕೆ ಈಗಿನ ಹೆಸರು.

ಎತ್ತರ ಮತ್ತು ಏರು

ಬೆಟ್ಟದ ಕಷ್ಟವನ್ನು ಶಿಖರದ ಎತ್ತರದಿಂದ ಅಳೆಯುವ ವಾಡಿಕೆ ಇದೆ. ರಾಜ್ಯದ ಮೂರು ಶಿಖರಗಳನ್ನು ಪಕ್ಕಪಕ್ಕ ಇಟ್ಟರೆ ಆ ಅಳತೆ ಎಷ್ಟು ದಾರಿ ತಪ್ಪಿಸುತ್ತದೆಂಬುದು ತಿಳಿಯುತ್ತದೆ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಲ್ಲಿಗೆ ತುದಿಯ ಹತ್ತಿರದವರೆಗೂ ರಸ್ತೆ ಇದೆ, ಉಳಿದದ್ದು ಮೆಟ್ಟಿಲು. ಕುಮಾರ ಪರ್ವತ ಅದಕ್ಕಿಂತ 200 ಮೀಟರಿಗೂ ಹೆಚ್ಚು ಗಿಡ್ಡ, 1,712 ಮೀಟರ್; ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟವರು 1,500 ಮೀಟರಿಗೂ ಮೀರಿದ ಏರನ್ನು ಕಾಲಿನಲ್ಲೇ ಹತ್ತಬೇಕು. ಕುದುರೆಮುಖ ಇವೆರಡರ ನಡುವೆ ನಿಲ್ಲುತ್ತದೆ. ಇಲ್ಲಿ ಕಾಲು ಹತ್ತಬೇಕಾದ ಏರು 900ರಿಂದ 1,000 ಮೀಟರ್. ಮೂರು ಮೀಟರಿಗೆ ಒಂದು ಅಂತಸ್ತು ಎಂದು ಹಿಡಿದರೆ 300ಕ್ಕೂ ಹೆಚ್ಚು ಅಂತಸ್ತುಗಳ ಮೆಟ್ಟಿಲು.

ಹಿಮಾಲಯದ ದಾರಿಗಳಲ್ಲಿ ಕಾಡುವ ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಕುದುರೆಮುಖದ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲಿನಷ್ಟಿರುತ್ತದೆ. ಏದುಸಿರು ಬೇಗ ಬಂದೀತು. ಆದರೆ ತಲೆನೋವು, ವಾಂತಿ ಬಂದರೆ ಅದಕ್ಕೆ ಎತ್ತರಕ್ಕಿಂತ ಮುಂಚೆ ಬಿಸಿಲು, ನಿರ್ಜಲೀಕರಣ, ನಿದ್ದೆಗೇಡುಗಳನ್ನು ಅನುಮಾನಿಸಬೇಕು. ಬೆಂಗಳೂರಿನಿಂದ 300 ಕಿಲೋಮೀಟರಿಗೂ ಹೆಚ್ಚು ದೂರ ರಾತ್ರಿ ಬಸ್ಸಿನಲ್ಲಿ ಕೂತು ಬಂದು, ಮುಖ ತೊಳೆದು ನೇರ ಬೆಟ್ಟ ಹತ್ತುವ ವಾರಾಂತ್ಯದ ಪದ್ಧತಿಯಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ. ಹಿಂದಿನ ರಾತ್ರಿ ಕಳಸ ಸೀಮೆಯಲ್ಲಿ ಮಲಗಿ ಎದ್ದು ಹೊರಡುವುದು ಸಿದ್ಧತೆಯ ಅಗ್ಗದ, ಆದರೆ ಬಹಳ ಫಲ ಕೊಡುವ ಭಾಗ.

ಹೊತ್ತಿನ ಲೆಕ್ಕ

ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಹೇಳಿದ. ಇಂದಿನ ಅಳತೆಯಲ್ಲಿ ಅದು ಹೀಗೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುದುರೆಮುಖಕ್ಕೆ ಅನ್ವಯಿಸಿದರೆ 20 ಕಿಲೋಮೀಟರಿಗೆ ನಾಲ್ಕು ಗಂಟೆ, ಏರಿಗೆ ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಒಟ್ಟು ಐದೂವರೆ ಗಂಟೆ ದಾಟುತ್ತದೆ. ನೈಸ್ಮಿತ್‌ನ ಲೆಕ್ಕ ಪಳಗಿದ ಕಾಲುಗಳಿಗೆ, ಒಣ ನೆಲಕ್ಕೆ, ಎಲ್ಲೂ ಕೂರದೆ ನಡೆಯುವವರಿಗೆ. ಒದ್ದೆ ದಾರಿ, ಹಳ್ಳ ದಾಟುವಾಗಿನ ಸರದಿ, ಊಟ, ಫೋಟೊ, ಗುಂಪಿನಲ್ಲಿ ಹಿಂದುಳಿದವರಿಗಾಗಿ ಕಾಯುವುದು ಇಷ್ಟನ್ನೂ ಸೇರಿಸಿ ಅರ್ಧದಷ್ಟು ಕೂಡಿಸಿದರೆ ಎಂಟೂವರೆ ಗಂಟೆಯ ಹತ್ತಿರ ಬರುತ್ತದೆ. ಹೆಚ್ಚಿನ ತಂಡಗಳು ನಿಜಕ್ಕೂ ಎಂಟರಿಂದ ಹತ್ತು ಗಂಟೆ ತೆಗೆದುಕೊಳ್ಳುತ್ತವೆ.

ಈ ಅಂಕಿಯನ್ನು ಹಗಲಿನ ಅಳತೆಯೊಂದಿಗೆ ಹೊಂದಿಸಬೇಕು. ಜುಲೈಯಲ್ಲಿ ಸೂರ್ಯ ಮುಳುಗುವುದು ಸಂಜೆ 7ರ ಆಸುಪಾಸಿಗೆ. ಡಿಸೆಂಬರ್ ಮೊದಲ ವಾರದಲ್ಲಿ 6ಕ್ಕೇ ಹಗಲು ಮುಗಿಯುತ್ತದೆ. ಶೋಲಾದೊಳಗೆ ಕತ್ತಲು ಇನ್ನೂ ಬೇಗ ಇಳಿಯುತ್ತದೆ. ಬೆಳಗ್ಗೆ 7ಕ್ಕೆ ಹೊರಟು ಸಂಜೆ 5ಕ್ಕೆ ಮುಳ್ಳೋಡಿ ಸೇರಬೇಕೆಂದರೆ, ಇಳಿಯಲು ಮೂರೂವರೆ ಗಂಟೆ ಮೀಸಲಿಟ್ಟು, ಮಧ್ಯಾಹ್ನ 1:30ಕ್ಕೆ ಎಲ್ಲಿದ್ದರೂ ತಿರುಗಬೇಕು. ಈ ಗಡುವನ್ನು ಹೊರಡುವ ಮೊದಲೇ ಮಾರ್ಗದರ್ಶಿಯೊಂದಿಗೆ ಮಾತಾಡಿ ಗೊತ್ತುಮಾಡಿಕೊಂಡ ತಂಡಕ್ಕೆ ಮೇಲೆ ಹೋದ ಮೇಲೆ ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಋತು

ಘಟ್ಟದ ಈ ನೆತ್ತಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಬೆಟ್ಟ ಹಸಿರು ಹೊದ್ದಿರುತ್ತದೆ, ಜನವೂ ಹೆಚ್ಚು, ಹಳ್ಳಗಳೂ ತುಂಬಿರುತ್ತವೆ. ಶಿಖರದಿಂದ ಏನೂ ಕಾಣದೆ ಮಂಜಿನ ಗೋಡೆ ನೋಡಿ ಇಳಿಯುವ ದಿನಗಳೇ ಜಾಸ್ತಿ. ಭಾರೀ ಮಳೆಯ ಮುನ್ಸೂಚನೆ ಇದ್ದಾಗ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು. ಅಕ್ಟೋಬರ್‌ನಿಂದ ಜನವರಿವರೆಗೆ ದಾರಿ ಒಣಗುತ್ತದೆ, ಆಕಾಶ ತೆರೆದಿರುತ್ತದೆ, ಬೆಳಗಿನ ಚಳಿ ಚೆನ್ನಾಗಿ ಕಡಿಯುತ್ತದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಏರುವುದರಿಂದ ಬೇಸಿಗೆಯಲ್ಲಿ ಶಿಖರದ ದಾರಿಯನ್ನು ಮುಚ್ಚಲಾಗುತ್ತದೆ. ಒಂದೇ ಬೆಟ್ಟಕ್ಕೆ ಎರಡು ಬಗೆಯ ಸಿದ್ಧತೆ ಬೇಕಾಗುವುದು ಹೀಗೆ: ಮಳೆಗಾಲದವರು ನೆನೆಯದಂತೆ ಮತ್ತು ಜಾರದಂತೆ, ಚಳಿಗಾಲದವರು ಬಿಸಿಲಿಗೆ ಮತ್ತು ನೀರಿನ ಕೊರತೆಗೆ ಅಣಿಯಾಗಬೇಕು.

ಅನುಮತಿ ಮತ್ತು ಮಾರ್ಗದರ್ಶಿ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ್ದು ರಾಜ್ಯದ ಚಾರಣ ವ್ಯವಸ್ಥೆಯನ್ನೇ ಬದಲಿಸಿತು. ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಏಕರೂಪದ ಟಿಕೆಟ್ ಪದ್ಧತಿ ಬಂತು. ಒಂದು ದಾರಿಗೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿಯೂ ಬಂತು. ಮಳೆಗಾಲದ ಶನಿವಾರ, ಭಾನುವಾರಗಳ ಟಿಕೆಟ್ ಬೇಗ ಮುಗಿಯುವುದರಿಂದ ವಾಹನ, ಹೋಮ್‌ಸ್ಟೇಗಳಿಗಿಂತ ಮೊದಲು ಅನುಮತಿ ಪಡೆಯಬೇಕು. ಟಿಕೆಟ್ಟಿನಲ್ಲಿರುವ ಗುರುತಿನ ಚೀಟಿಯನ್ನೇ ಕೈಯಲ್ಲಿ ಹಿಡಿದಿರಬೇಕು. ತಪಾಸಣೆಯಲ್ಲಿ ಚೀಲ ಬಿಚ್ಚಿಸಿ ಮದ್ಯ, ಬೀಡಿ ಸಿಗರೇಟು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ತೆಗೆಸುತ್ತಾರೆ.

ಮಾರ್ಗದರ್ಶಿಗಳು ಹೆಚ್ಚಾಗಿ ಆಸುಪಾಸಿನ ಹಳ್ಳಿಗಳ ಯುವಕರು. ತುಳಿದ ದಾರಿ ಸ್ಪಷ್ಟವಾಗಿಯೇ ಇರುವುದರಿಂದ ಇವರು ಏಕೆ ಬೇಕೆಂದು ಕೇಳುವವರಿದ್ದಾರೆ. ಬಿಸಿಲಿದ್ದಾಗ ಆ ಪ್ರಶ್ನೆಗೆ ಅರ್ಥವಿದ್ದಂತೆ ತೋರುತ್ತದೆ. ಮಂಜು ಕವಿದು ಹತ್ತು ಹೆಜ್ಜೆ ಮುಂದಿನ ಚಾರಣಿಗನ ಬೆನ್ನು ಮಸುಕಾದಾಗ, ದನ ಮತ್ತು ಕಾಟಿ ತುಳಿದ ಜಾಡುಗಳೂ ಜನರ ಜಾಡಿನಂತೆಯೇ ಕಾಣತೊಡಗಿದಾಗ ಉತ್ತರ ಸಿಗುತ್ತದೆ. ಮಾರ್ಗದರ್ಶಿಯ ನಿಜವಾದ ಕೆಲಸ ದಾರಿ ತೋರಿಸುವುದಕ್ಕಿಂತ ಹೊತ್ತು ಕಾಯುವುದು ಮತ್ತು ಹಳ್ಳ ನೋಡುವುದು. ನೀರಿನ ಬಣ್ಣ ಕೆಂಪಿಗೆ ತಿರುಗಿ ಕಸಕಡ್ಡಿ ತೇಲಿಬರತೊಡಗಿದರೆ ಮೇಲೆಲ್ಲೋ ಜೋರು ಮಳೆಯಾಗಿದೆ, ಬೆಳಗ್ಗೆ ಮೊಣಕಾಲಿಗಿದ್ದ ಹಳ್ಳ ಮರಳುವಾಗ ಸೊಂಟಕ್ಕೆ ಬರಬಹುದು ಎಂಬುದನ್ನು ಅವರು ಹೇಳಬಲ್ಲರು. ಹೊರಡುವ ಮುನ್ನ ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮಂಡಿನೋವು ಇದ್ದರೆ ಅವರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಅವರ ಲೆಕ್ಕವೆಲ್ಲ ತಪ್ಪುತ್ತದೆ.

ದೇಹಸಿದ್ಧತೆ

ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ಆರರಿಂದ ಎಂಟು ವಾರಗಳ ಅಭ್ಯಾಸ ಸಾಕು. ವಾರದಲ್ಲಿ ಮೂರು ದಿನ 45 ನಿಮಿಷಗಳ ಬಿರುಸು ನಡಿಗೆ, ಎರಡು ದಿನ ಮೆಟ್ಟಿಲು, ವಾರಕ್ಕೊಮ್ಮೆ ದೀರ್ಘ ನಡಿಗೆ. ದೀರ್ಘ ನಡಿಗೆಯನ್ನು 6 ಕಿಲೋಮೀಟರಿನಿಂದ ಶುರುಮಾಡಿ ಮೆಲ್ಲಗೆ 15ಕ್ಕೆ ಏರಿಸಬೇಕು. ಕೊನೆಯ ಮೂರು ವಾರ ಚಾರಣಕ್ಕೆ ಒಯ್ಯುವ ಚೀಲವನ್ನೇ, ಅದೇ ಭಾರದೊಂದಿಗೆ, ಅದೇ ಬೂಟು ಹಾಕಿಕೊಂಡು ನಡೆಯುವುದು ಒಳ್ಳೆಯದು. ಹೊರಡುವ ಹಿಂದಿನ ಎರಡು ದಿನ ಕಾಲಿಗೆ ವಿಶ್ರಾಂತಿ.

ಅಭ್ಯಾಸಕ್ಕೆ ಹತ್ತಿರದ ಬೆಟ್ಟ ಎಲ್ಲಕ್ಕಿಂತ ಉತ್ತಮ. ಬೆಂಗಳೂರಿನವರಿಗೆ ನಂದಿಬೆಟ್ಟದ ಹಳೆಯ ಮೆಟ್ಟಿಲ ದಾರಿ ಇದೆ. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಒಂದೇ ಬೆಳಗ್ಗೆ ಮೂರು ಸಲ ಹತ್ತಿ ಇಳಿದರೆ ಏರಿನ ಮಟ್ಟಿಗೆ ಕುದುರೆಮುಖದ ಸಮೀಪ ಬಂದಂತೆ.

ಎಲ್ಲರೂ ಹತ್ತುವುದನ್ನು ಅಭ್ಯಾಸ ಮಾಡುತ್ತಾರೆ. ಕಾಲು ಸೋಲುವುದು ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಈ ಬಗೆಯ ಕೆಲಸಕ್ಕೆ ಪಳಗದ ಸ್ನಾಯುವಿನಲ್ಲಿ ಸೂಕ್ಷ್ಮವಾದ ಹರುಕುಗಳಾಗಿ ಮರುದಿನ, ಅದರ ಮರುದಿನ ನೋವು ಹೆಚ್ಚುತ್ತದೆ. ಅದಕ್ಕೇ ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಿನಲ್ಲಿ ಇಳಿಯುವುದೂ ಅಭ್ಯಾಸದ ಒಂದು ಭಾಗವಾಗಬೇಕು. ಬಸ್ಕಿ ಹೊಡೆಯುವಾಗ ಏಳುವುದಕ್ಕಿಂತ ನಿಧಾನವಾಗಿ ಕೂರುವುದಕ್ಕೆ ಗಮನ ಕೊಟ್ಟರೆ ಇದೇ ಸ್ನಾಯು ಗಟ್ಟಿಯಾಗುತ್ತದೆ. ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಪಾದದ ಕೀಲು ಉಳುಕುವುದನ್ನು ತಡೆಯುತ್ತದೆ. ಹೊರಡುವ ಎರಡು ದಿನ ಮೊದಲು ಕಾಲುಗುರು ಕತ್ತರಿಸಬೇಕು. ಉದ್ದ ಉಗುರು ಇಳಿಜಾರಿನಲ್ಲಿ ಬೂಟಿನ ಮುಂಭಾಗಕ್ಕೆ ಗುದ್ದಿ ಕಪ್ಪಾಗುತ್ತದೆ.

ಪಾದರಕ್ಷೆ, ಉಡುಪು, ಚೀಲ

ಒದ್ದೆ ಮಣ್ಣು ಮತ್ತು ಪಾಚಿಗಟ್ಟಿದ ಕಲ್ಲು ಎರಡು ಬೇರೆ ಬೇರೆ ಸಮಸ್ಯೆಗಳು. ಮಣ್ಣಿಗೆ ಆಳವಾದ ಹಲ್ಲುಗಳ ಅಟ್ಟೆ ಬೇಕು. ಹಲ್ಲುಗಳ ನಡುವೆ ಅಂತರ ಇದ್ದರೆ ಕೆಸರು ಅಂಟಿ ಕೂರುವುದಿಲ್ಲ. ಪಾಚಿಗಲ್ಲಿಗೆ ಮೆತ್ತನೆಯ ರಬ್ಬರು ಬೇಕು. ಓಟದ ಶೂಗಳಲ್ಲಿ ಮೊದಲನೆಯದಿಲ್ಲ. ತೋಟದಲ್ಲಿ ಹಾಕುವ ಗಂಬೂಟಿನಲ್ಲಿ ನೀರು ಒಳಗೆ ಬರುವುದಿಲ್ಲವಾದರೂ 20 ಕಿಲೋಮೀಟರಿಗೆ ಅದು ಭಾರ, ಹಿಮ್ಮಡಿಯನ್ನೂ ಹಿಡಿದಿಡುವುದಿಲ್ಲ. ನೀರು ನುಗ್ಗದ ದುಬಾರಿ ಬೂಟಿನೊಳಗೆ ಹಳ್ಳದ ನೀರು ಮೇಲಿನಿಂದ ತುಂಬಿದರೆ ಹೊರಹೋಗದು. ಮಳೆಗಾಲಕ್ಕೆ ಬೇಗ ಬಸಿದುಹೋಗುವ ಹಗುರ ಚಾರಣ ಶೂ, ಒಳಗೆ ಉಣ್ಣೆಬಟ್ಟೆಯ ಅಥವಾ ಸಿಂಥೆಟಿಕ್ ಕಾಲುಚೀಲ ಸರಿಹೋಗುತ್ತದೆ. ಹೊಸ ಶೂವನ್ನು ಬೆಟ್ಟದಲ್ಲಿ ಮೊದಲ ಬಾರಿಗೆ ಹಾಕಬಾರದು.

ಬಟ್ಟೆಯ ವಿಷಯದಲ್ಲಿ ಜೀನ್ಸ್ ಮತ್ತು ಹತ್ತಿಯ ಟೀ ಶರ್ಟುಗಳನ್ನು ಮನೆಯಲ್ಲೇ ಬಿಡುವುದು ಮೇಲು. ನೀರು ಕುಡಿದ ಹತ್ತಿ ಮೈಗೆ ಅಂಟಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ಪ್ರತಿ 1,000 ಮೀಟರ್ ಏರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮಂಗಳೂರಿನಲ್ಲಿ 30 ಡಿಗ್ರಿ ಇದ್ದಾಗ ತುದಿಯಲ್ಲಿ 18ರ ಸುಮಾರು. ಅಷ್ಟು ಹಿತವಾದ ಹವೆಯಲ್ಲೂ ಒದ್ದೆ ಬಟ್ಟೆ ಮತ್ತು ಕಣಿವೆಯಿಂದ ಬೀಸುವ ಗಾಳಿ ಸೇರಿದರೆ ಮೈ ನಡುಗಿ, ಬೆರಳು ಮರಗಟ್ಟಿ, ಮಾತು ತೊದಲಬಹುದು. ಹಿಂದೆ ಮಲೆನಾಡಿನ ಜನ ಮಳೆಗೆ ಗೊರಬು, ಕಂಬಳಿಕೊಪ್ಪೆ ಹಾಕುತ್ತಿದ್ದುದು ಕೈ ಬಿಡುವಾಗಿರಲೆಂದೇ. ಕೊಡೆ ಬೋರೆಯ ಗಾಳಿಗೆ ಮಗುಚಿಕೊಳ್ಳುತ್ತದೆ. ಮಂಡಿ ಮುಚ್ಚುವ ರೇನ್‌ಕೋಟು ಅಥವಾ ಚೀಲವನ್ನೂ ಹೊದೆಯುವ ಪೊಂಚೊ ಬೇಕು.

ಚೀಲ 20ರಿಂದ 25 ಲೀಟರ್ ಸಾಮರ್ಥ್ಯದ್ದು, ಸೊಂಟಪಟ್ಟಿ ಇರುವುದು ಸಾಕು. ತುಂಬಿದ ಮೇಲೆ ಐದಾರು ಕಿಲೋ ಮೀರಬಾರದು. ಅದರೊಳಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಬನಿಯನ್ನು ಮತ್ತು ಕಾಲುಚೀಲ, ತಲೆಗೆ ಕಟ್ಟುವ ಟಾರ್ಚು, ಸೀಟಿ, ಬ್ಯಾಂಡೇಜು, ನಂಜುನಿವಾರಕ, ಕ್ರೇಪ್ ಪಟ್ಟಿ, ದಿನನಿತ್ಯದ ಔಷಧಿ ಇರಬೇಕು. ಚಳಿಗಾಲದಲ್ಲಿ ಟೋಪಿ ಮತ್ತು ಸನ್‌ಸ್ಕ್ರೀನ್ ಸೇರಿಸಬೇಕು. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಫೋನು ಕ್ಯಾಮೆರಾ ಆಗಿ ಉಳಿಯುತ್ತದೆ, ಸಹಾಯಕ್ಕೆ ಸೀಟಿಯೇ ಗತಿ. ಒಂದು ಊರುಗೋಲು ಇಳಿಯುವಾಗ ಮಂಡಿಯ ಭಾರ ಹಗುರ ಮಾಡುತ್ತದೆ, ಹಳ್ಳದಲ್ಲಿ ಮೂರನೆಯ ಕಾಲಾಗುತ್ತದೆ.

ಬುತ್ತಿ ಮತ್ತು ನೀರು

ಹೋಮ್‌ಸ್ಟೇಗಳಲ್ಲಿ ಬೆಳಗ್ಗೆ ಕಡುಬೋ ನೀರುದೋಸೆಯೋ ಕೊಟ್ಟು, ಮಧ್ಯಾಹ್ನಕ್ಕೆ ಚಿತ್ರಾನ್ನ, ಪಲಾವು ಅಥವಾ ಅಕ್ಕಿರೊಟ್ಟಿ ಚಟ್ನಿ ಕಟ್ಟಿಕೊಡುವ ರೂಢಿ ಇದೆ. ಸ್ಟೀಲಿನ ಡಬ್ಬಿ ಒಯ್ದರೆ ಎಲೆ, ಕಾಗದ, ಕವರುಗಳ ಕಸವೇ ಇರುವುದಿಲ್ಲ. ಮೊಸರನ್ನ ಹೊಟ್ಟೆಗೆ ತಂಪಾದರೂ ಚೀಲದೊಳಗೆ ಬೇಗ ಹುಳಿಯುತ್ತದೆ. ದೊಡ್ಡ ಊಟ ಒಮ್ಮೆಗೆ ಮಾಡುವುದಕ್ಕಿಂತ ಗಂಟೆಗೊಮ್ಮೆ ಬಾಳೆಹಣ್ಣು, ಕಡಲೆಮಿಠಾಯಿ, ಖರ್ಜೂರ, ಬೆಲ್ಲ ಹೀಗೆ ಸ್ವಲ್ಪ ಸ್ವಲ್ಪ ತಿಂದರೆ ಕಾಲು ಸೋಲುವುದಿಲ್ಲ.

ನೀರು ಒಬ್ಬರಿಗೆ 2ರಿಂದ 3 ಲೀಟರ್ ಬೇಕು. ಮಳೆಗಾಲದಲ್ಲಿ ಬಾಯಾರಿಕೆ ತಿಳಿಯದಿದ್ದರೂ ರೇನ್‌ಕೋಟಿನೊಳಗೆ ಬೆವರು ಹರಿಯುತ್ತಲೇ ಇರುತ್ತದೆ. ಬರೀ ನೀರು ಕುಡಿಯುತ್ತ ಹೋದರೆ ಉಪ್ಪಿನಂಶ ಕಡಿಮೆಯಾಗುವುದರಿಂದ ಓಆರ್‌ಎಸ್ ಅಥವಾ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಜೊತೆಗಿರಬೇಕು. ಓಆರ್‌ಎಸ್‌ನ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು. ಅರ್ಧ ಬಾಟಲಿಗೆ ಸುರಿದರೆ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು. ಹಳ್ಳದ ನೀರು ಕನ್ನಡಿಯಂತಿದ್ದರೂ ಮೇಲೆ ದನ, ಕಾಡುಪ್ರಾಣಿ, ಜನ ಎಲ್ಲರೂ ಓಡಾಡಿರುತ್ತಾರೆ. ಫಿಲ್ಟರು ಅಥವಾ ಕ್ಲೋರಿನ್ ಗುಳಿಗೆ ಬಳಸುವುದು ಕ್ಷೇಮ.

ಇಂಬಳ, ಉಣ್ಣೆ, ಹಾವು

ಮಳೆ ಹಿಡಿದ ಮೇಲೆ ಶೋಲಾದೊಳಗೆ ನಿಂತರೆ ಇಂಬಳಗಳು ಕಾಣಿಸುತ್ತವೆ. ಒಣಎಲೆಯ ಮೇಲೆ ಹಿಂಬದಿಯ ಬಟ್ಟಲನ್ನು ಊರಿ, ದಾರದೆಳೆಯಷ್ಟು ತೆಳುವಾದ ಮೈಯನ್ನು ಮೇಲಕ್ಕೆತ್ತಿ, ಉಸಿರಿನ ಮತ್ತು ಮೈಬಿಸಿಯ ಸುಳಿವು ಬಂದತ್ತ ಓಲಾಡುತ್ತವೆ. ಶೂ ಹತ್ತಿದ್ದು ತಿಳಿಯುವುದಿಲ್ಲ, ಕಚ್ಚಿದ್ದೂ ತಿಳಿಯುವುದಿಲ್ಲ. ಕಾಲುಚೀಲ ಕೆಂಪಾದಾಗಲೇ ಗೊತ್ತಾಗುವುದು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಅದು ಬಿಟ್ಟ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ಹೆದರಿಕೆಗೆ ಕಾರಣವಿಲ್ಲ. ಎಳೆದು ಕಿತ್ತರೆ ಗಾಯ ಕೆರಳುತ್ತದೆ. ಬಾಯಿಯ ಕಡೆಯ ಬಟ್ಟಲಿನಡಿ ಉಗುರು ತೂರಿಸಿ ಸರಿಸಿದರೆ ಬಿಡುತ್ತದೆ. ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿ ಮೊಣಕಾಲುವರೆಗಿನ ಒತ್ತುನೇಯ್ಗೆಯ ಕಾಲುಚೀಲ ಹಾಕುವುದು ಒಳ್ಳೆಯ ತಡೆ. ಉಪ್ಪು, ಸುಣ್ಣ, ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕೋಲಿನ ತುದಿಗೆ ಬಿಗಿದು, ಹತ್ತಿದ ಇಂಬಳಕ್ಕೆ ಮುಟ್ಟಿಸುವುದು ಮಲೆನಾಡಿನ ಹಳೆಯ ಉಪಾಯ. ದಾರಿಯುದ್ದಕ್ಕೂ ಉಪ್ಪು ಎರಚುವುದು ಮಾತ್ರ ಕೂಡದು. ಅದು ಹಳ್ಳದ ಜೀವಿಗಳಿಗೆ ಮಾರಕ.

ಇಂಬಳ ಮರೆಯಾಗುವ ಒಣಗಾಲದಲ್ಲಿ ಉಣ್ಣೆಗಳ ಕಾಲ ಶುರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಪ್ರಕರಣಗಳು ಕಂಡಿವೆ. ನವೆಂಬರ್‌ನಿಂದ ಮೇವರೆಗೆ ಎಚ್ಚರ ಬೇಕು. ಉದ್ದ ತೋಳಿನ ಅಂಗಿ, ಕಾಲಿಗೆ ಉಣ್ಣೆನಿವಾರಕ ತೈಲ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮತ್ತು ಕಂಕುಳು, ಸೊಂಟ, ಮಂಡಿಯ ಹಿಂಭಾಗದ ತಪಾಸಣೆ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಚಾರಣದ ನಂತರದ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹಾವು ಕಾಣುವುದು ಅಪರೂಪ, ಕಚ್ಚುವುದು ಇನ್ನೂ ಅಪರೂಪ. ಮಳೆಗಾಲದಲ್ಲಿ ದಾರಿಬದಿಯ ಗಿಡದ ಕೊಂಬೆಯ ಮೇಲೆ ಗುಳಿಮಂಡಲ ಅಲ್ಲಾಡದೆ ಕೂತಿರುತ್ತದೆ; ನೋಡದೆ ಕೊಂಬೆ ಹಿಡಿಯಬಾರದು. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಸಲ್ಲದು. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ ಹೊತ್ತು ಇಳಿಸಬೇಕು. ಸಿಗ್ನಲ್ ಸಿಕ್ಕ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಬೇಕು.

ಮರಳುವ ನಿರ್ಧಾರ

ಮರಳಲು ಕಾರಣವಾಗಬೇಕಾದ ಸಂಗತಿಗಳು ನಾಲ್ಕು: ಗೊತ್ತುಮಾಡಿದ ಗಡುವು ಮೀರಿದ್ದು, ಹಳ್ಳ ಏರುತ್ತಿರುವುದು, ಗುಡುಗು ಕೇಳಿಸಿದ್ದು, ತಂಡದ ಒಬ್ಬರಿಗೆ ನಡೆಯಲಾಗದಿರುವುದು. ಗುಡುಗನ್ನು ಹಗುರವಾಗಿ ಕಾಣಬಾರದು. ಬೋಳು ಹುಲ್ಲುಬೋರೆಯ ಮೇಲೆ ನಿಂತ ಮನುಷ್ಯನೇ ಸುತ್ತಲಿನ ಎತ್ತರದ ವಸ್ತು. ಒಂಟಿಮರದ ಬುಡ ಆಸರೆಯಲ್ಲ, ಅಪಾಯ. ಬೋರೆಯ ನೆತ್ತಿ ಬಿಟ್ಟು ತಗ್ಗಿಗೆ ಇಳಿದು, ಒಬ್ಬರಿಂದೊಬ್ಬರು ದೂರ ಕೂತು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಬೇಕು.

ಕೈಲಾಗದವರನ್ನು ದಾರಿಯಲ್ಲಿ ಕೂರಿಸಿ ‘ಹೋಗಿ ಬರುತ್ತೇವೆ’ ಎಂದು ಉಳಿದವರು ಮೇಲೆ ಹೋಗುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮಂಜಿನಲ್ಲಿ ಒಬ್ಬರೇ ಕೂತವರು ಚಳಿಗೆ ನಡುಗುತ್ತಾರೆ, ಬೇಸತ್ತು ಎದ್ದು ತಾವಾಗಿಯೇ ಇಳಿಯಹೋಗಿ ಜಾಡು ತಪ್ಪುತ್ತಾರೆ. ಅವರ ಜೊತೆ ಒಬ್ಬರಾದರೂ ಉಳಿಯಬೇಕು ಅಥವಾ ತಂಡವೇ ತಿರುಗಬೇಕು.

ಬೆಟ್ಟದ ಮೇಲಿನ ಹೊರೆ

ಶೋಲಾ ಮತ್ತು ಹುಲ್ಲುಗಾವಲು ಮಳೆನೀರನ್ನು ಹೀರಿ ನಿಧಾನವಾಗಿ ಬಿಡುವ ಜೋಡಿ ವ್ಯವಸ್ಥೆ. ಬೇಸಿಗೆಯಲ್ಲೂ ಹಳ್ಳ ಹರಿಯುವುದು ಇದರಿಂದ. ಸಿಂಗಳೀಕ, ಕಾಟಿ, ಕಡವೆ, ಮಂಗಟ್ಟೆ ಹಕ್ಕಿಗಳಿಗೆ ಇದು ನೆಲೆ. ಹುಲ್ಲಿನಡಿಯ ಮಣ್ಣಿನ ಪದರ ತೆಳು. ಕೆಸರು ತಪ್ಪಿಸಲು ಒಬ್ಬರು ಜಾಡಿನ ಪಕ್ಕದ ಹುಲ್ಲು ತುಳಿದರೆ ಹಿಂದಿನವರೂ ಅದನ್ನೇ ಹಿಡಿಯುತ್ತಾರೆ. ಹುಲ್ಲು ಸತ್ತ ಜಾಗದಲ್ಲಿ ಮುಂದಿನ ಮಳೆ ಚರಂಡಿ ತೋಡುತ್ತದೆ. ಹೀಗೆ ಒಂದು ಜಾಡು ಮೂರಾಗುತ್ತದೆ. ಕೆಸರಿನಲ್ಲೇ ನಡೆಯಲು ಅಂಜದಂಥ ಶೂ ಹಾಕಿ ಬರುವುದೂ ಒಂದು ಪರಿಸರ ಕ್ರಮ. ತಂದ ಕಸವನ್ನೆಲ್ಲ, ಹಣ್ಣಿನ ಸಿಪ್ಪೆಯನ್ನೂ ಸೇರಿಸಿ, ಮರಳಿ ಒಯ್ಯಬೇಕು. ಸ್ಪೀಕರ್, ಕೂಗಾಟಗಳಿಗೆ ಇಲ್ಲಿ ಜಾಗವಿಲ್ಲ.

ಉದ್ಯಾನದೊಳಗೆ ಉಳಿದಿರುವ ಕುಟುಂಬಗಳಿಗೆ ಜೀಪು, ಊಟ, ವಸತಿ ಮತ್ತು ಮಾರ್ಗದರ್ಶನ ಇಂದು ಆದಾಯದ ದಾರಿಗಳು. ದಿನದ ಮಿತಿ ಈ ಆದಾಯಕ್ಕೂ ಕಡಿವಾಣ ಹಾಕುತ್ತದೆ. ವಾರಾಂತ್ಯ ಬಿಟ್ಟು ವಾರದ ನಡುವೆ ಬರುವ ಚಾರಣಿಗರು ಊರಿಗೂ ಕಾಡಿಗೂ ಅನುಕೂಲ ಮಾಡಿದಂತೆ.

ಇತರ ಪರ್ವತಗಳಿಗೆ ಅನ್ವಯ

ಸಂಸೆಯ ಕಡೆಯಿಂದಲೇ ಹೋಗುವ ನೇತ್ರಾವತಿ ಶಿಖರಕ್ಕೆ, ಕೊಡಗಿನ ತಡಿಯಂಡಮೋಳ್‌ಗೆ, ವಯನಾಡಿನ 2,100 ಮೀಟರ್ ಎತ್ತರದ ಚೆಂಬ್ರಾಕ್ಕೆ ಮೇಲಿನ ಸಿದ್ಧತೆ ಬಹುತೇಕ ಹಾಗೆಯೇ ಒಪ್ಪುತ್ತದೆ. ಏರು ಮತ್ತು ದೂರದ ಅಂಕಿಗಳನ್ನು ಮಾತ್ರ ಬದಲಿಸಿ ಹೊತ್ತಿನ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಹಿಮಾಲಯದ ಒಂದು ದಿನದ ನಡಿಗೆಗಳಿಗೆ ಇದು ಸಾಲದು. ಉತ್ತರಾಖಂಡದ ತುಂಗನಾಥ ದೇವಾಲಯ ಸುಮಾರು 3,680 ಮೀಟರಿನಲ್ಲಿದೆ. ಅಲ್ಲಿಗೆ ದೂರ ಕಡಿಮೆ, ಏರೂ ಕುದುರೆಮುಖದಷ್ಟಿಲ್ಲ, ಆದರೆ ಬಯಲುಸೀಮೆಯಿಂದ ನೇರ ಹೋದವರಿಗೆ ಎತ್ತರದ ಕಾಯಿಲೆ ಬರಬಹುದು. ಮಧ್ಯದ ಎತ್ತರದ ಊರಿನಲ್ಲಿ ಒಂದೆರಡು ರಾತ್ರಿ ತಂಗಿ ಮೈ ಒಗ್ಗಿಸಿಕೊಳ್ಳುವುದೇ ಅಲ್ಲಿ ಮೊದಲ ಸಿದ್ಧತೆ. ಕುದುರೆಮುಖ ಹತ್ತಿದ ಕಾಲು ಹಿಮಾಲಯದಲ್ಲಿ ನೆರವಿಗೆ ಬರುತ್ತದೆ. ಎತ್ತರಕ್ಕೆ ಒಗ್ಗುವ ಗುಣ ಆ ಕಾಲಿನ ಜೊತೆ ಬರುವುದಿಲ್ಲ. ಆದ್ದರಿಂದ ಯಾವ ಬೆಟ್ಟಕ್ಕೆ ಹೊರಟರೂ ಶಿಖರದ ಎತ್ತರ, ಕಾಲು ಹತ್ತಬೇಕಾದ ಏರು, ಸೂರ್ಯ ಮುಳುಗುವ ಹೊತ್ತು ಈ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಂಡು, ಆ ಬೆಟ್ಟದಲ್ಲಿ ಯಾವುದು ಕಾಡುತ್ತದೆಂದು ಸ್ಥಳೀಯ ಮಾರ್ಗದರ್ಶಿಯನ್ನು ಕೇಳಿ, ಆಮೇಲೆ ಚೀಲ ತುಂಬಬೇಕು.